ಅಶಂಕನೀಯಾ: ಪ್ರಸೂತಿಗ್ರಂಥಗಳಲ್ಲಿ ಲಜ್ಜೆಯ ನಿರೂಪಣೆ

ಪ್ರಸೂತಿಶಾಸ್ತ್ರವನ್ನು ಕುರಿತ ಗ್ರಂಥಗಳನ್ನು ವೈದ್ಯರು ಓದುವರು. ಸಾಹಿತ್ಯವಿಮರ್ಶಕರು ಅವುಗಳ ಗೊಡವೆಗೆ ಹೋಗುವುದು ಅಪೂರ್ವ. ಗರ್ಭದ ಮಾಸಕ್ರಮವೂ ಔಷಧದ ಪ್ರಮಾಣವೂ ಅಲ್ಲಿ ಪ್ರಧಾನವಾಗಿರುವುದರಿಂದ ಭಾಷೆಯ ವಿಚಾರಕ್ಕೆ ಎಡೆಯಿಲ್ಲವೆಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಆದರೆ ಆ ಗ್ರಂಥಗಳೆಲ್ಲವೂ ಎದುರಿಸಲೇಬೇಕಾದ ಪ್ರಶ್ನೆಯೊಂದುಂಟು. ಅದು ವೈದ್ಯದ ಪ್ರಶ್ನೆಯಾಗುವುದಕ್ಕೆ ಮೊದಲು ಮಾತಿನ ಪ್ರಶ್ನೆ. ಗರ್ಭಿಣಿಯಾದವಳು ತನ್ನ ಗುಹ್ಯಾಂಗದ ವಿಷಯದಲ್ಲಿ ಮನಸ್ಸಿನೊಳಗೆ ಅಡಗಿಸಿಕೊಂಡಿರುವ ಸಂದೇಹವನ್ನು, ಹೆರಿಗೆಯ ದಿನ ಬರುವುದಕ್ಕೆ ಮುಂಚೆ, ಸೂಲಗಿತ್ತಿಯ ಮುಂದೆ ಹೇಗೆ ನುಡಿಯಬೇಕು? ಆಕೆ ಅದನ್ನು ನುಡಿಯುವಂತೆ ಮಾಡಲು ಗ್ರಂಥಕರ್ತೃವು ಯಾವ ಉಪಾಯವನ್ನು ಹೂಡಬೇಕು? ಈ ಪ್ರಶ್ನೆಗೆ ಬೇರೆ ಬೇರೆ ದೇಶಗಳ ಗ್ರಂಥಗಳು ಕೊಟ್ಟಿರುವ ಉತ್ತರಗಳನ್ನು ಒಂದೆಡೆಯಲ್ಲಿಟ್ಟು ಪರಿಶೀಲಿಸಿದರೆ, ಲಜ್ಜೆಯೆಂದು ಸಾಮಾನ್ಯವಾಗಿ ಕರೆಯಲ್ಪಡುವ ಭಾವದ ಸ್ವರೂಪವೂ ಸ್ಪಷ್ಟವಾಗುವುದು.

ಇಂತಹ ಸಂದೇಹಗಳು ಎರಡು ತೆರನಾಗಿರುವುವು. ತನ್ನ ಅಂಗದ ಆಕಾರ, ವರ್ಣ, ರೋಮ ಮೊದಲಾದವು ಇತರ ಸ್ತ್ರೀಯರಿಗೆ ಇರುವಂತೆ ಇಲ್ಲವೇನೋ ಎಂಬುದು ಮೊದಲನೆಯ ತೆರ. ಇವು ಮುಖದಿಂದ ಮುಖಕ್ಕೆ ಇರುವ ಭೇದದಂತೆಯೇ ಸ್ವಭಾವಸಿದ್ಧವಾದ ಭೇದಗಳು. ಪ್ರಸವಕ್ಕೆ ಇವುಗಳಿಂದ ಸಾಮಾನ್ಯವಾಗಿ ಬಾಧಕವಿಲ್ಲ. ಹಿಂದಿನ ಹೆರಿಗೆಯಲ್ಲಿ ಹರಿದುಹೋದ ಗಾಯದ ಕಲೆ, ಉಬ್ಬಿದ ರಕ್ತನಾಳ, ಮೂಲವ್ಯಾಧಿ, ಗರ್ಭಕೋಶದ ಜಾರುವಿಕೆ, ಹುಣ್ಣು, ದುರ್ಗಂಧಯುಕ್ತವಾದ ಸ್ರಾವ ಇವು ಎರಡನೆಯ ತೆರ. ಇವುಗಳನ್ನು ಮೊದಲೇ ತಿಳಿದಿರುವುದು ಸೂಲಗಿತ್ತಿಗೆ ಅವಶ್ಯಕ. ಹರ್ಪಿಸ್ ಎಂಬ ವ್ಯಾಧಿಯ ಹುಣ್ಣು ಹೆರಿಗೆಯ ಕಾಲದಲ್ಲಿ ಇದ್ದುದಾದರೆ ಶಿಶುವಿಗೆ ಅಪಾಯವುಂಟಾಗಿ ಪ್ರಸವದ ಮಾರ್ಗವನ್ನೇ ಬದಲಾಯಿಸಬೇಕಾಗಬಹುದು. ಹಿಂದೊಮ್ಮೆ ಗುದದ ಸ್ನಾಯುವಿನವರೆಗೆ ಹರಿದಿದ್ದ ಪಕ್ಷದಲ್ಲಿ ಮುಂದಿನ ಹೆರಿಗೆಯ ಕ್ರಮವನ್ನು ಮುಂಚಿತವಾಗಿಯೇ ಆಲೋಚಿಸಬೇಕು. ಆದರೆ ಯಾವುದು ನಿರಪಾಯವಾದ ಭೇದ, ಯಾವುದು ತಿಳಿಸಲೇಬೇಕಾದ ವಿಕಾರ ಎಂಬ ವಿವೇಚನೆ ಗರ್ಭಿಣಿಗೆ ಸಾಧ್ಯವಾಗುವಂತಹುದಲ್ಲ. ಅದು ನುರಿತವಳ ಕೆಲಸ. ಆದುದರಿಂದ ಮೊದಲನೆಯ ತೆರನ ಸಂದೇಹವನ್ನು ನಗೆಗೀಡಾಗದೆ ನುಡಿಯಲು ಅವಕಾಶವಿದ್ದರೆ ಮಾತ್ರ ಎರಡನೆಯದೂ ಹೊರಬೀಳುವುದು. ಅಲ್ಪವಾದುದನ್ನು ಹೇಳಲು ಬಾಯಿಲ್ಲದವಳಿಗೆ ಅನಲ್ಪವಾದುದನ್ನು ಹೇಳಲೂ ಬಾಯಿರುವುದಿಲ್ಲ. ಪ್ರಸೂತಿಗ್ರಂಥದ ಭಾಷೆಯನ್ನು ಅಳೆಯುವುದಕ್ಕೆ ಇದಕ್ಕಿಂತ ತಕ್ಕ ಮಾನದಂಡ ಬೇರೆಯಿಲ್ಲ.

೧

ಮೊದಲು ಭಾರತೀಯ ಸಂಪ್ರದಾಯವನ್ನು ನೋಡಬಹುದು. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸೂತಿಕಾಗಾರದ ನಿರ್ಮಾಣ, ಅಲ್ಲಿ ಇರಬೇಕಾದ ಸಾಮಗ್ರಿ, ಬಳಿಯಲ್ಲಿರಬೇಕಾದ ಸ್ತ್ರೀಯರ ಲಕ್ಷಣ ಇವು ಹೇಳಲ್ಪಟ್ಟಿವೆ. ಅವರು ಹಲವು ಸಲ ಹೆತ್ತವರಾಗಿರಬೇಕು; ಸ್ನೇಹವುಳ್ಳವರೂ, ಕುಶಲರೂ, ವಿಷಾದವಿಲ್ಲದವರೂ, ಕ್ಲೇಶವನ್ನು ಸಹಿಸಬಲ್ಲವರೂ ಆಗಿರಬೇಕು. ವೇದನೆಯ ಕಾಲದಲ್ಲಿ ಗರ್ಭಿಣಿಯ ಕಿವಿಯಲ್ಲಿ ಮಂತ್ರವನ್ನು ಜಪಿಸುವವಳು ಆಕೆಗೆ ಅನುಕೂಲಳಾದ ಸ್ತ್ರೀಯಾಗಿರಬೇಕೆಂಬುದೂ ಅಲ್ಲಿಯ ವಿಧಿ. ಸುಶ್ರುತಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯವು ಇದನ್ನು ಸಂಕ್ಷೇಪಿಸಿ, ಪರಿಚರ್ಯೆಗೆ ನಾಲ್ವರು ಸ್ತ್ರೀಯರನ್ನು ವಿಧಿಸುವುದು. ಅವರ ವಯಸ್ಸು ಪರಿಣತವಾಗಿರಬೇಕು, ಪ್ರಜನನದಲ್ಲಿ ಕೌಶಲವಿರಬೇಕು, ಉಗುರುಗಳನ್ನು ಕತ್ತರಿಸಿಕೊಂಡಿರಬೇಕು. ಇವೆಲ್ಲಕ್ಕೂ ಮೊದಲು ಬರುವ ವಿಶೇಷಣವೆಂದರೆ ‘ಅಶಂಕನೀಯಾಃ’ ಎಂಬುದು.

ಈ ಒಂದು ಪದವು ವಿಚಾರಾರ್ಹವಾದುದು. ‘ಶಂಕ್’ ಧಾತುವಿಗೆ ಸಂದೇಹಪಡು, ಅಂಜು ಎಂಬ ಎರಡು ಅರ್ಥಗಳೂ ಸಲ್ಲುವುವು. ಯಾರ ನಡತೆಯ ವಿಷಯದಲ್ಲಿ ಸಂದೇಹಕ್ಕೆ ಅವಕಾಶವಿಲ್ಲವೋ ಅವರು ಅಶಂಕನೀಯರು ಎಂಬುದು ಒಂದು ಅರ್ಥ. ಯಾರ ಮುಂದೆ ಅಂಜಿಕೆಗೆ ಕಾರಣವಿಲ್ಲವೋ ಅವರು ಎಂಬುದು ಮತ್ತೊಂದು. ಮೊದಲನೆಯ ಅರ್ಥವು ರಾಜಗೃಹಕ್ಕೂ ಶತ್ರುಭಯಕ್ಕೂ ಹೊಂದುವಂತಹುದು. ಎರಡನೆಯದು ಯಾವ ಮನೆಯ ಗರ್ಭಿಣಿಗಾದರೂ ಒಪ್ಪುವಂತಹುದು. ಉಗುರನ್ನು ಕತ್ತರಿಸುವಷ್ಟು ಸೂಕ್ಷ್ಮವಾದ ದೇಹವಿಚಾರದ ಪಕ್ಕದಲ್ಲಿ ಈ ಮಾತು ಬಂದಿರುವುದನ್ನು ನೋಡಿದರೆ ಎರಡನೆಯ ಅರ್ಥಕ್ಕೆ ಬಲವು ಹೆಚ್ಚೆಂದು ತೋರುವುದು. ಕೈಯಿಂದ ಗಾಯವಾಗಬಾರದೆಂದು ಉಗುರಿನ ನಿಯಮವನ್ನು ಮಾಡಿದ ಶಾಸ್ತ್ರಕಾರನು, ಸನ್ನಿಧಿಯಿಂದ ಗಾಯವಾಗಬಾರದೆಂದು ಈ ನಿಯಮವನ್ನೂ ಮಾಡಿದನೆಂದು ಗ್ರಹಿಸುವುದು ಯುಕ್ತ.

ಇಲ್ಲಿ ನಾಟ್ಯಶಾಸ್ತ್ರದ ವಿವೇಚನೆಯು ಸಹಾಯಕ್ಕೆ ಬರುವುದು. ಭರತನು ಎಣಿಸಿರುವ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ‘ವ್ರೀಡಾ’ ಎಂಬುದೂ ‘ಶಂಕಾ’ ಎಂಬುದೂ ಬೇರೆ ಬೇರೆಯಾಗಿಯೇ ಪರಿಗಣಿತವಾಗಿವೆ. ವ್ರೀಡೆಯು ಮಾಡಬಾರದುದನ್ನು ಮಾಡಿದುದರಿಂದ ಹುಟ್ಟುವುದು, ಶಂಕೆಯು ಸಂದೇಹಸ್ವರೂಪವಾದುದು. ಗರ್ಭಿಣಿಯು ತನ್ನ ದೇಹದ ರಚನೆಯನ್ನು ಕುರಿತು ಬಾಯಿಬಿಡದಿರುವಾಗ ಆಕೆ ಯಾವ ಅಕಾರ್ಯವನ್ನೂ ಮಾಡಿರುವುದಿಲ್ಲ. ಹುಟ್ಟಿನಿಂದ ಬಂದ ಅಂಗವೂ ಹೆರಿಗೆಯಿಂದ ಬಂದ ಗಾಯವೂ ಯಾರ ಅಪರಾಧವೂ ಅಲ್ಲ. ಆದುದರಿಂದ ಆಕೆಯ ಮೌನವನ್ನು ವ್ರೀಡೆಯೆಂದು ಕರೆಯುವುದು ಲಕ್ಷಣವಿರುದ್ಧ. ‘ಹೀಗಿರುವುದು ಸರಿಯೋ ತಪ್ಪೋ, ಕೇಳಿದರೆ ಏನೆಂದುಕೊಳ್ಳುವರೋ’ ಎಂಬ ತೂಗಾಟವೇ ಅದರ ತಿರುಳು, ಅದು ಶಂಕೆ. ಲೋಕವು ಅದನ್ನು ನಾಚಿಕೆಯೆಂದು ಕರೆದು, ನಾಚಿಕೆ ಹೆಣ್ಣಿಗೆ ಭೂಷಣವೆಂದು ಹೊಗಳಿ, ಅಲ್ಲಿಗೆ ಬಿಟ್ಟುಬಿಡುವುದು. ಸುಶ್ರುತನು ಹಾಗೆ ಬಿಡಲಿಲ್ಲ. ಅವನು ಗರ್ಭಿಣಿಗೆ ನಾಚಬೇಡವೆಂದು ಬೋಧಿಸದೆ, ಎದುರಿಗಿರುವವಳು ಶಂಕೆಗೆ ಆಸ್ಪದವಿಲ್ಲದವಳಾಗಿರಬೇಕೆಂದು ವಿಧಿಸಿದನು. ಹೊಣೆಯನ್ನು ಕೇಳುವವಳ ಮೇಲೆ ಹೊರಿಸಿದುದೇ ಇಲ್ಲಿಯ ವಿವೇಕ.

ಆದರೆ ಈ ಗ್ರಂಥಗಳಲ್ಲಿ ಒಂದು ಕೊರತೆಯೂ ಇಲ್ಲದಿಲ್ಲ. ಸೂತಿಕಾಗಾರದಲ್ಲಿ ಮಾತು ಒಂದೇ ದಿಕ್ಕಿನಲ್ಲಿ ಹರಿಯುವುದು. ಪರಿಚಾರಿಕೆಯರು ಹೇಳುವರು, ಗರ್ಭಿಣಿ ಕೇಳುವಳು. ಆಕೆಯ ಮಾತಿಗೆ ಶಾಸ್ತ್ರವು ಬೆಲೆ ಕೊಟ್ಟಿರುವುದು ದೌಹೃದದ ಪ್ರಕರಣದಲ್ಲಿ, ಎಂದರೆ ಬಯಕೆಯ ವಿಷಯದಲ್ಲಿ. ಕಾವ್ಯವೂ ಇದನ್ನೇ ಅನುಸರಿಸಿತು. ಕನ್ನಡದ ಕಾವ್ಯಗಳಲ್ಲಿಯೂ ಜನಪದ ಹಾಡುಗಳಲ್ಲಿಯೂ ಬಸುರಿಯ ಬಯಕೆಯ ವರ್ಣನೆಗೆ ಲೆಕ್ಕವಿಲ್ಲ. ಬಸುರಿಯ ಅಂಜಿಕೆಯ ಪ್ರಶ್ನೆಗೆ ಅಷ್ಟು ಸ್ಥಳವಿಲ್ಲ. ಬಯಕೆಯನ್ನು ಹೇಳುವುದಕ್ಕೂ ಲಜ್ಜೆಯು ಅಡ್ಡಬರುವುದೆಂಬುದನ್ನು ಕಂಡವನು ಕಾಳಿದಾಸ. ರಘುವಂಶದ ಮೂರನೆಯ ಸರ್ಗದಲ್ಲಿ ಸುದಕ್ಷಿಣೆಯು ಲಜ್ಜೆಯಿಂದ ತನಗೆ ಏನು ಬೇಕೆಂಬುದನ್ನು ಹೇಳದಿರುವಳು. ದಿಲೀಪನು ಆಕೆಯ ಸಖಿಯರನ್ನು ಮತ್ತೆ ಮತ್ತೆ ಆದರದಿಂದ ವಿಚಾರಿಸುವನು. ಅರಸನು ಒಮ್ಮೆ ಕೇಳಿ ಸುಮ್ಮನಾಗಲಿಲ್ಲ. ನೇರವಾಗಿ ಒತ್ತಾಯಪಡಿಸಲೂ ಇಲ್ಲ. ನಂಬಿಕೆಯ ಸಖಿಯ ದ್ವಾರವಾಗಿ, ಪ್ರತಿವೇಳೆಯಲ್ಲಿಯೂ, ಆದರದಿಂದ ಕೇಳುವುದು ಎಂಬ ಮೂರು ಅಂಶಗಳೂ ಒಂದು ಶ್ಲೋಕದಲ್ಲಿ ಅಡಗಿವೆ. ವೈದ್ಯಶಾಸ್ತ್ರವು ಬಯಕೆಗೆ ಮಾತ್ರ ತೆರೆದ ಬಾಗಿಲನ್ನು ಕವಿಯ ಈ ಉಪಾಯದಿಂದ ಶಂಕೆಗೂ ತೆರೆಯಬಹುದಾಗಿತ್ತು.

೨

ಯೂರೋಪಿನಲ್ಲಿ ಈ ಪ್ರಶ್ನೆಯನ್ನು ಗ್ರಂಥದ ಮೊದಲ ಪುಟದಲ್ಲಿಯೇ ಎತ್ತಿದವರು ಇಟಲಿಯ ಸಲೆರ್ನೊ ನಗರದ ಗ್ರಂಥಕಾರರು. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಹುಟ್ಟಿದ ಮೂರು ಲ್ಯಾಟಿನ್ ಗ್ರಂಥಗಳು ಮುಂದೆ ಒಂದಾಗಿ ಕಟ್ಟಲ್ಪಟ್ಟು ‘ಟ್ರೊಟುಲ’ ಎಂಬ ಹೆಸರಿನಿಂದ ಪ್ರಸಿದ್ಧವಾದುವು. ೨೦೦೧ರಲ್ಲಿ ಇವುಗಳ ಸಂಶೋಧಿತ ಮುದ್ರಣವನ್ನು ಹೊರತಂದ ಮೋನಿಕ ಗ್ರೀನ್ ಎಂಬ ವಿದುಷಿಯು, ಈ ಮೂರೂ ಒಬ್ಬರ ಕೃತಿಯಲ್ಲವೆಂದೂ, ಚಿಕಿತ್ಸೆಯನ್ನು ಹೇಳುವ ಎರಡನೆಯ ಗ್ರಂಥಕ್ಕೆ ಮಾತ್ರ ಟ್ರೋಟ ಎಂಬ ವೈದ್ಯಸ್ತ್ರೀಯ ಸಂಬಂಧವಿದೆಯೆಂದೂ ತೋರಿಸಿಕೊಟ್ಟಿರುವರು. ಸ್ತ್ರೀರೋಗಗಳನ್ನು ವಿವರಿಸುವ ಮೊದಲನೆಯ ಗ್ರಂಥದ ಪೀಠಿಕೆಯಲ್ಲಿ, ಸ್ತ್ರೀಯರು ಲಜ್ಜೆಯಿಂದ ತಮ್ಮ ಗುಹ್ಯವ್ಯಾಧಿಗಳನ್ನು ವೈದ್ಯನಿಗೆ ತಿಳಿಸಲಾರರೆಂಬುದೇ ಗ್ರಂಥರಚನೆಗೆ ಕಾರಣವೆಂದು ಹೇಳಲ್ಪಟ್ಟಿದೆ. ಅವರ ಮೇಲಣ ಮರುಕವೂ ಒಬ್ಬ ಸ್ತ್ರೀಯ ಪ್ರೇರಣೆಯೂ ಗ್ರಂಥಕಾರನನ್ನು ತೊಡಗಿಸಿದುವಂತೆ.

ಈ ಪೀಠಿಕೆಯ ಸಹಾನುಭೂತಿ ನಿಜವಾದುದೇ. ಆದರೆ ಅದರ ಫಲವೇನೆಂಬುದನ್ನು ನೋಡಬೇಕು. ಸ್ತ್ರೀಯು ಹೇಳಲಾರಳಾದುದರಿಂದ ಗ್ರಂಥವು ಆಕೆಗೆ ಬದಲಾಗಿ ಹೇಳುವುದು. ಓದುವವನಾದರೋ ಲ್ಯಾಟಿನ್ ಬಲ್ಲ ಪುರುಷ. ಹೀಗೆ ಲಜ್ಜೆಯು ಪರಿಹಾರವಾಗದೆ, ಅದನ್ನು ಬಳಸಿಕೊಂಡು ಹೋಗುವ ಒಂದು ಸುತ್ತುದಾರಿ ಮಾತ್ರ ಏರ್ಪಟ್ಟಿತು. ಇದಕ್ಕೆ ಪ್ರತಿಯಾಗಿ, ಎರಡನೆಯ ಗ್ರಂಥದಲ್ಲಿ ಪೀಠಿಕೆಯ ಮರುಕವಿಲ್ಲದಿದ್ದರೂ, ಹೆರಿಗೆಯಲ್ಲಿ ಯೋನಿಗೂ ಗುದಕ್ಕೂ ನಡುವಣ ಭಾಗವು ಹರಿದುಹೋದರೆ ಅದನ್ನು ರೇಷ್ಮೆಯ ದಾರದಿಂದ ಹೊಲಿಯುವ ಕ್ರಮವು ನೇರವಾಗಿ ಹೇಳಲ್ಪಟ್ಟಿದೆ. ಇಂತಹ ಗಾಯವನ್ನು ಅನುಭವಿಸಿದವರು ಅದನ್ನು ಯಾರಿಗೋ ತೋರಿಸಿದರೆಂಬುದಕ್ಕೆ ಆ ವಾಕ್ಯಗಳೇ ಸಾಕ್ಷಿ. ಲಜ್ಜೆಯನ್ನು ಕುರಿತು ಮಾತನಾಡಿದ ಗ್ರಂಥಕ್ಕಿಂತ ಮಾತನಾಡದ ಗ್ರಂಥವೇ ಅದನ್ನು ಹೆಚ್ಚಾಗಿ ಗೆದ್ದಿತೆಂದು ಹೇಳಬೇಕಾಗಿದೆ.

ಇದೇ ವಾದವು ಮುಂದೆ ನ್ಯಾಯಸ್ಥಾನಕ್ಕೂ ಏರಿತು. ೧೩೨೨ರಲ್ಲಿ ಪ್ಯಾರಿಸ್ಸಿನ ವೈದ್ಯಪಂಡಿತರು ಜಾಕೋಬ ಫೆಲಿಸಿ ಎಂಬವಳು ಅನುಮತಿಯಿಲ್ಲದೆ ಚಿಕಿತ್ಸೆ ಮಾಡಿದಳೆಂದು ವಿಚಾರಣೆಗೆ ಎಳೆದಾಗ, ಸ್ತ್ರೀಯರು ತಮ್ಮ ಗುಟ್ಟನ್ನು ಪುರುಷನಿಗೆ ಹೇಳುವುದಕ್ಕಿಂತ ಸಾಯುವುದೇ ಲೇಸೆಂದು ಭಾವಿಸುವರೆಂಬುದು ಆಕೆಯ ಪರವಾದ ವಾದಗಳಲ್ಲಿ ಒಂದಾಗಿತ್ತು. ತೀರ್ಪು ಆಕೆಗೆ ವಿರುದ್ಧವಾಯಿತು. ಹದಿನೈದನೆಯ ಶತಮಾನದ ಇಂಗ್ಲಿಷಿನಲ್ಲಿ ‘ಟ್ರೊಟುಲ’ವನ್ನೂ ಇತರ ಮೂಲಗಳನ್ನೂ ಆಧರಿಸಿ ರಚಿತವಾದ ಗ್ರಂಥವೊಂದು, ಓದುಬಲ್ಲ ಸ್ತ್ರೀಯರು ಓದದವರಿಗೆ ಓದಿಹೇಳಲೆಂದು ದೇಶಭಾಷೆಗೆ ಇಳಿಯಿತು. ಸುತ್ತುದಾರಿಯು ನೇರವಾಗತೊಡಗಿದುದು ಇಲ್ಲಿಂದ.

೩

ಆ ದಾರಿಯನ್ನು ಪೂರ್ತಿಯಾಗಿ ನಡೆದವಳು ಜೇನ್ ಷಾರ್ಪ್. ಆಕೆಯ ‘ದಿ ಮಿಡ್ವೈವ್ಸ್ ಬುಕ್’ ೧೬೭೧ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಪ್ರಸೂತಿಯನ್ನು ಕುರಿತು ಇಂಗ್ಲಿಷ್ ಸ್ತ್ರೀಯೊಬ್ಬಳು ಬರೆದು ಅಚ್ಚಾದ ಗ್ರಂಥಗಳಲ್ಲಿ ಇದೇ ಮೊದಲನೆಯದು. ಗ್ರಂಥಕರ್ತ್ರಿಯು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸೂಲಗಿತ್ತಿಯ ವೃತ್ತಿಯಲ್ಲಿದ್ದವಳೆಂದು ಮುಖಪತ್ರದಲ್ಲಿಯೇ ಹೇಳಿದೆ. ಗ್ರಂಥವು ಆರು ಭಾಗಗಳುಳ್ಳದ್ದು. ಮೊದಲನೆಯ ಭಾಗವು ಶರೀರರಚನೆ. ಅದೂ ಪುರುಷನ ಅಂಗಗಳಿಂದ ಮೊದಲಾಗುವುದು. ನಿಕೊಲಸ್ ಕಲ್ಪೆಪರ್ ೧೬೫೧ರಲ್ಲಿ ಪ್ರಕಟಿಸಿದ್ದ ಸೂಲಗಿತ್ತಿಯರ ಕೈಪಿಡಿಯಿಂದಲೂ ಡೇನಿಯಲ್ ಸೆನ್ನರ್ಟನ ವೈದ್ಯಗ್ರಂಥದಿಂದಲೂ ಆಕೆ ಧಾರಾಳವಾಗಿ ತೆಗೆದುಕೊಂಡಿರುವಳು. ೧೯೯೯ರಲ್ಲಿ ಇದನ್ನು ಸಂಪಾದಿಸಿದ ಇಲೇನ್ ಹಾಬಿಯವರು ಮೂಲಗಳೊಡನೆ ಹೋಲಿಸಿ, ಆಕೆ ಎರವಲು ತಂದುದನ್ನು ತನ್ನ ದೃಷ್ಟಿಗೆ ತಕ್ಕಂತೆ ತಿದ್ದಿ ಬರೆದಿರುವಳೆಂಬುದನ್ನು ಸ್ಪಷ್ಟಪಡಿಸಿರುವರು. ಆದುದರಿಂದ ಈ ಗ್ರಂಥದ ಸ್ವಂತಿಕೆಯನ್ನು ವಿಷಯದಲ್ಲಿ ಹುಡುಕದೆ ಧ್ವನಿಯಲ್ಲಿ ಹುಡುಕುವುದು ನ್ಯಾಯ.

ಷಾರ್ಪಳ ಮೊದಲ ಸಾಧನೆ ಪರಿಭಾಷೆಯ ವಿಚಾರದಲ್ಲಿ. ಗಂಡಸರು ವಿಶ್ವವಿದ್ಯಾಲಯಗಳಿಗೆ ಹೋಗಿ ಕಲಿಯಬಲ್ಲರು, ಹೆಂಗಸರಿಗೆ ಆ ಅವಕಾಶವಿಲ್ಲ ಎಂಬುದನ್ನು ಆಕೆ ಒಪ್ಪುವಳು. ಆದರೆ ಕೆಲಸವನ್ನು ಮಾಡುವುದು ಕಠಿನವಾದ ಗ್ರೀಕ್ ಪದಗಳಲ್ಲವೆಂದೂ, ಪದವು ಹೊರಸಿಪ್ಪೆ ಮಾತ್ರವೆಂದೂ ವಾದಿಸುವಳು. ತತ್ತ್ವಜ್ಞಾನವಿಲ್ಲದ ಸೂಲಗಿತ್ತಿಯು ಕುರುಡಿಗೂ, ಅಭ್ಯಾಸವಿಲ್ಲದವಳು ಕುಂಟಿಗೂ ಸಮಾನಳೆಂದು ಹೇಳಿ ಎರಡನ್ನೂ ಒಬ್ಬಳಲ್ಲಿಯೇ ಬೇಡುವಳು. ಎರಡನೆಯದು ಲಜ್ಜೆಯನ್ನು ಕುರಿತ ನಿಲುವು. ತಾನು ಬರೆಯುವಾಗ ಇಟ್ಟುಕೊಂಡಷ್ಟು ಸಂಕೋಚವನ್ನು ವಾಚಕರು ಓದುವಾಗಲೂ ಇಟ್ಟುಕೊಳ್ಳಬೇಕೆಂದು ಆಕೆ ಕೇಳಿಕೊಳ್ಳುವಳು. ಎಳೆಯ ಪ್ರಾಯದವರ ಮುಖ ಕೆಂಪೇರುವ ಸಂದರ್ಭಗಳು ಈ ವಿದ್ಯೆಯಲ್ಲಿ ಬಂದೇ ಬರುವುವೆಂದು ಮುಂಚಿತವಾಗಿಯೇ ತಿಳಿಸುವಳು. ಅಂಗರಚನೆಯ ಭಾಗದಲ್ಲಿ, ಪ್ರಕೃತಿಯು ಕೊಟ್ಟುದಕ್ಕಾಗಿ ಗಂಡಸರು ನಾಚದಿರುವಾಗ ಹೆಂಗಸರು ನಾಚಲು ಹೆಚ್ಚಿನ ಕಾರಣವೇನೂ ಇಲ್ಲವೆಂಬ ಅಭಿಪ್ರಾಯವನ್ನು ನಿಸ್ಸಂಕೋಚವಾಗಿ ಇಡುವಳು. ಪುರುಷನ ಅಂಗಗಳಿಂದ ಗ್ರಂಥವನ್ನು ಮೊದಲುಮಾಡಿದುದರ ಪ್ರಯೋಜನವು ಇಲ್ಲಿ ತಿಳಿಯುವುದು. ಎರಡೂ ದೇಹಗಳು ಒಂದೇ ಧಾಟಿಯಲ್ಲಿ ವರ್ಣಿತವಾದ ಮೇಲೆ ಒಂದಕ್ಕೆ ಮಾತ್ರ ಲಜ್ಜೆಯ ಮುದ್ರೆ ಒತ್ತುವುದು ಅಸಂಗತವಾಗುವುದಷ್ಟೆ.

ಇಷ್ಟನ್ನು ಸಾಧಿಸಿದ ಷಾರ್ಪಳೂ ಒಂದೆಡೆಯಲ್ಲಿ ಎಡವಿರುವಳು. ಆ ಎಡವುವಿಕೆಯೇ ಈ ಗ್ರಂಥದಿಂದ ಕಲಿಯಬೇಕಾದ ಮುಖ್ಯ ಪಾಠ. ಸ್ತ್ರೀಯ ಅಂಗವಿಶೇಷವೊಂದು ಸಾಮಾನ್ಯ ಪ್ರಮಾಣವನ್ನು ಮೀರಿ ಬೆಳೆಯುವ ಸಂದರ್ಭವನ್ನು ವಿವರಿಸುವಾಗ, ಅಂತಹವರು ‘ಇಂಡೀಸ್’ ದೇಶಗಳಲ್ಲಿಯೂ ಈಜಿಪ್ಟಿನಲ್ಲಿಯೂ ಹೆಚ್ಚೆಂದೂ, ತನ್ನ ದೇಶದಲ್ಲಿ ಒಬ್ಬಳ ವಿಷಯವನ್ನು ಮಾತ್ರ ಕೇಳಿದ್ದೇನೆಂದೂ, ಇದ್ದರೂ ಅವರು ನಾಚಿಕೆಯಿಂದ ಅದನ್ನು ಮುಚ್ಚಿಡುವರೆಂದೂ ಆಕೆ ಬರೆಯುವಳು. ಈ ವಾಕ್ಯದಲ್ಲಿ ಎರಡು ದೋಷಗಳಿವೆ. ಭೇದವನ್ನು ಪರದೇಶದ ಸ್ತ್ರೀಯರ ಮೇಲೆ ಆರೋಪಿಸಿದುದು ಒಂದು. ಭರತಖಂಡದ ವಾಚಕರಿಗೆ ಇದು ಎದ್ದುಕಾಣುವುದು ಸಹಜ. ಆದರೂ ಅದು ಆ ಕಾಲದ ಯೂರೋಪಿನ ಅಂಗರಚನಾಗ್ರಂಥಗಳಿಂದ ಕಣ್ಣುಮುಚ್ಚಿ ತೆಗೆದುಕೊಂಡ ಮಾತು. ಇನ್ನೊಂದು ಇದಕ್ಕಿಂತ ಗುರುತರವಾದುದು. ಮೂವತ್ತು ವರ್ಷ ಸೂಲಗಿತ್ತಿಯಾಗಿದ್ದವಳು ಒಬ್ಬಳ ವಿಷಯವನ್ನು ಮಾತ್ರ ಕೇಳಿದ್ದಾಳೆಂದರೆ, ಉಳಿದವರು ಇರಲಿಲ್ಲವೆಂದೋ, ಹೇಳಲಿಲ್ಲವೆಂದೋ? ಎರಡನೆಯದೇ ನಿಜವಿರಬಹುದೆಂಬ ಸಂಶಯವು ಆಕೆಯ ಮಾತಿನಲ್ಲಿಯೇ ಇದೆ. ಮುಚ್ಚಿಡುವರೆಂದು ಬಲ್ಲವಳು, ಮುಚ್ಚಿಡಬೇಕಾಗಿಲ್ಲವೆಂದು ಅಲ್ಲಿಯೇ ಒಂದು ಮಾತನ್ನು ಸೇರಿಸಲಿಲ್ಲ.

ಇದರ ಕಾರಣವನ್ನು ವಿಚಾರಿಸಿದರೆ ಲಜ್ಜೆಯ ಎರಡು ಪದರಗಳು ಬೇರೆ ಬೇರೆಯಾಗಿ ಕಾಣುವುವು. ‘ಸ್ತ್ರೀದೇಹವು ನಾಚಿಕೆಗೇಡೇ?’ ಎಂಬುದು ಒಂದು ಪ್ರಶ್ನೆ. ‘ನನ್ನ ದೇಹವು ಇತರರ ದೇಹದಂತಿದೆಯೇ?’ ಎಂಬುದು ಇನ್ನೊಂದು. ಷಾರ್ಪ್ ಮೊದಲನೆಯದಕ್ಕೆ ಧೀರವಾದ ಉತ್ತರವನ್ನು ಕೊಟ್ಟಳು. ಆದರೆ ಹೆರಿಗೆಗೆ ಮುಂಚೆ ಗರ್ಭಿಣಿಯ ನಾಲಿಗೆಯ ತುದಿಯವರೆಗೆ ಬಂದು ನಿಲ್ಲುವುದು ಎರಡನೆಯ ಪ್ರಶ್ನೆ. ಅಂಗರಚನಾಗ್ರಂಥವು ಒಂದು ಆದರ್ಶದೇಹವನ್ನು ವರ್ಣಿಸುವುದು. ಅದನ್ನು ಓದಿದವಳಿಗೆ ತನ್ನ ದೇಹ ಅದರಿಂದ ಎಷ್ಟು ದೂರವೆಂಬ ಶಂಕೆ ಮತ್ತಷ್ಟು ಹೆಚ್ಚುವುದಲ್ಲದೆ ಕಡಿಮೆಯಾಗುವುದಿಲ್ಲ. ಸಾಮಾನ್ಯವನ್ನು ಹೊಗಳುವುದರಿಂದ ವಿಶೇಷಕ್ಕೆ ಅಭಯ ದೊರೆಯದು. ‘ಭೇದವೇ ಸಾಮಾನ್ಯ’ ಎಂದು ಹೇಳುವ ಗ್ರಂಥ ಮಾತ್ರ ಆ ಅಭಯವನ್ನು ಕೊಡಬಲ್ಲುದು. ಸುಶ್ರುತನ ಒಂದು ಪದವು ಕೊಟ್ಟಿದ್ದ ಆಶ್ವಾಸನೆಯನ್ನು, ಅಷ್ಟೊಂದು ವಿಸ್ತಾರವೂ ಧೈರ್ಯವೂ ಇದ್ದ ಈ ಗ್ರಂಥವು ಈ ಸ್ಥಳದಲ್ಲಿ ಕೊಡಲಾರದೆ ಹೋಯಿತು.

೪

ಈ ವಿಚಾರವು ಕನ್ನಡಕ್ಕೆ ದೂರವಾದುದಲ್ಲ. ‘ಸೂಲಗಿತ್ತಿ’ ಎಂಬುದು ಅಚ್ಚಗನ್ನಡದ ಮಾತು. ‘ಸೂಲು’ ಎಂದರೆ ಹೆರಿಗೆ. ತಮಿಳಿನಲ್ಲಿ ಇದರ ಸಜಾತಿಪದವು ಬಸಿರನ್ನು ಹೇಳುವುದು. ‘ಒಕ್ಕಲಗಿತ್ತಿ’, ‘ಹೂವಾಡಗಿತ್ತಿ’ ಎಂಬಲ್ಲಿರುವ ಸ್ತ್ರೀಪ್ರತ್ಯಯವೇ ಇಲ್ಲಿಯೂ ಇದೆ. ಬಸಿರು, ಬಯಕೆ, ಬೇನೆ, ಮಾಸು, ಬಾಣಂತಿ ಎಂದು ಹೆರಿಗೆಯ ಕ್ರಮಕ್ಕೆಲ್ಲ ದೇಶ್ಯಪದಗಳು ಸಮೃದ್ಧವಾಗಿವೆ. ಆದರೆ ಹೆರಿಗೆ ನಡೆಯುವ ಅಂಗಕ್ಕೆ ಬಂದೊಡನೆ ಭಾಷೆಯು ಇಬ್ಭಾಗವಾಗುವುದು. ಪುಸ್ತಕದಲ್ಲಿರುವುದು ಸಂಸ್ಕೃತಪದ, ಅದು ಗರ್ಭಿಣಿಯ ಬಾಯಿಗೆ ಬಾರದು. ಊರಿನಲ್ಲಿರುವ ದೇಶ್ಯಪದವು ಬೈಗುಳವಾಗಿ ಸವೆದುಹೋಗಿದೆ. ಅದನ್ನು ಆಕೆ ಬಾಯಿಗೆ ತಂದುಕೊಳ್ಳಲಾರಳು. ನಡುವೆ ಉಳಿದುದು ‘ಅಲ್ಲಿ’, ‘ಕೆಳಗೆ’, ‘ಅದು’ ಎಂಬ ಸರ್ವನಾಮ, ಅವ್ಯಯಗಳು ಮಾತ್ರ. ಹನ್ನೊಂದನೆಯ ಶತಮಾನದಲ್ಲಿಯೇ ಚಂದ್ರರಾಜನು ‘ಮದನತಿಲಕ’ವೆಂಬ ಕಾಮಶಾಸ್ತ್ರಗ್ರಂಥವನ್ನು ಕನ್ನಡದಲ್ಲಿ ಬರೆದಿರುವುದರಿಂದ, ಭಾಷೆಗೆ ಶಕ್ತಿಯಿಲ್ಲವೆಂದು ಹೇಳುವಂತಿಲ್ಲ. ಭೋಗಕ್ಕೆ ಒದಗಿದ ಪರಿಭಾಷೆಯು ನೋವಿಗೆ ಒದಗಲಿಲ್ಲವೆಂಬುದೇ ಖೇದಕರವಾದ ವಿಷಯ. ಅಕ್ಕಮಹಾದೇವಿಯು ಲಜ್ಜೆಯನ್ನು ದಾಟಿದ ಮಾರ್ಗವು ಮಹತ್ತಾದುದು. ಆದರೆ ಅದು ಸಂಸಾರವನ್ನು ಬಿಟ್ಟವಳ ಮಾರ್ಗ. ನಾಳೆ ಅದೇ ಮನೆಯಲ್ಲಿ ಬಾಣಂತಿಯಾಗಿ ಮಲಗಬೇಕಾದವಳಿಗೆ ಬೇಕಾದುದು ಇನ್ನೂ ಸಣ್ಣ ಸಹಾಯ: ಹೇಳಬಹುದಾದ ಒಂದು ಮಾತು, ಕೇಳಬಲ್ಲ ಒಂದು ಕಿವಿ.

ಆ ಕಿವಿಯು ಇದ್ದಿತೆಂಬುದಕ್ಕೆ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಜೀವನವು ನಿದರ್ಶನ. ಹದಿನೈದು ಸಾವಿರಕ್ಕೂ ಮಿಗಿಲಾದ ಹೆರಿಗೆಗಳನ್ನು ಮಾಡಿಸಿದವರೆಂದು ಪ್ರಖ್ಯಾತರಾಗಿ, ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು, ಅದೇ ವರ್ಷದ ಡಿಸೆಂಬರ್ ೨೫ರಂದು ಅವರು ತೀರಿಕೊಂಡರು. ಅಷ್ಟು ಮಂದಿಯ ಬಳಿಯಲ್ಲಿ ಕುಳಿತವರಿಗೆ ದೇಹದ ಭೇದಗಳು ಎಷ್ಟು ಸಾಮಾನ್ಯವೆಂಬುದು ಪುಸ್ತಕವಿಲ್ಲದೆಯೇ ತಿಳಿದಿರಬೇಕು. ಪರಿಣತವಯಸ್ಸಿಗೂ ಅಶಂಕನೀಯತೆಗೂ ಇರುವ ಸಂಬಂಧವು ಇದೇ: ಬಹಳವನ್ನು ಕಂಡವಳು ಯಾವುದಕ್ಕೂ ಬೆರಗಾಗಳು, ಬೆರಗಾಗದವಳ ಮುಂದೆ ಶಂಕೆಯು ನಿಲ್ಲದು.

ಈಗ ಹೆರಿಗೆಯು ಬಹುಮಟ್ಟಿಗೆ ಆಸ್ಪತ್ರೆಗೆ ಸೇರಿದೆ. ಹೆರಿಗೆಗೆ ಮೊದಲು ಗುಹ್ಯರೋಮವನ್ನು ಕ್ಷೌರಮಾಡಿಸುವ ವಾಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರ ಸೂಚನೆಗಳಲ್ಲಿ ಶಿಫಾರಸು ಮಾಡಿಲ್ಲ. ಗೌರವಯುತವಾದ ಪರಿಚರ್ಯೆಯನ್ನು ಆ ಸೂಚನೆಗಳಲ್ಲಿಯೇ ವಿಧಿಸಿದೆ. ದೇಹವು ಇರುವಂತೆಯೇ ಸ್ವೀಕಾರ್ಯವೆಂಬ ಭಾವವು ಶಾಸ್ತ್ರಕ್ಕೆ ಮರಳಿ ಬರುತ್ತಿರುವುದರ ಗುರುತೆಂದು ಇದನ್ನು ಗ್ರಹಿಸಬಹುದು. ಆದರೆ ನಿಯಮಗಳು ಎಷ್ಟೇ ಒಳ್ಳೆಯವಾದರೂ ಅವುಗಳನ್ನು ಕನ್ನಡದ ಗರ್ಭಿಣಿಗೆ ಮುಟ್ಟಿಸುವುದು ಕನ್ನಡದ ವಾಕ್ಯ.

ಲಜ್ಜೆಯನ್ನು ಬಿಡಿಸಿದರೆ ಶೀಲಕ್ಕೆ ಕುಂದೆಂದು ಆಕ್ಷೇಪಿಸುವವರು ಉಂಟು. ವ್ರೀಡೆ ಬೇರೆ, ಶಂಕೆ ಬೇರೆ ಎಂಬ ಭರತನ ವಿಭಾಗವೇ ಅದಕ್ಕೆ ಸಮಾಧಾನ. ವ್ರೀಡೆಯು ತನ್ನ ಸ್ಥಾನದಲ್ಲಿ ಇರಲಿ. ಶಂಕೆಯು ಮಾತ್ರ ಸೂತಿಕಾಗೃಹದ ಹೊಸ್ತಿಲನ್ನು ದಾಟಕೂಡದು. ಇದಕ್ಕಾಗಿ ಕನ್ನಡದಲ್ಲಿ ಪ್ರಸೂತಿಯನ್ನು ಕುರಿತು ಬರೆಯುವವರು ಮೂರನ್ನು ಕೂಡಿಸಿಕೊಳ್ಳಬೇಕಾಗಿದೆ: ಸುಶ್ರುತನಿಂದ ಕೇಳುವವಳ ಹೊಣೆ, ಕಾಳಿದಾಸನಿಂದ ಮತ್ತೆ ಮತ್ತೆ ಆದರದಿಂದ ಕೇಳುವ ಕ್ರಮ, ಷಾರ್ಪಳಿಂದ ಹೆಸರಿಟ್ಟು ನುಡಿಯುವ ಧೈರ್ಯ. ಇವುಗಳಿಗೆ ಷಾರ್ಪ್ ಸೇರಿಸದೆ ಬಿಟ್ಟ ವಾಕ್ಯವೊಂದನ್ನು, ಎಂದರೆ ದೇಹದೇಹಕ್ಕೂ ಭೇದವಿರುವುದೇ ಪ್ರಕೃತಿಯ ನಿಯಮವೆಂಬುದನ್ನು, ಗ್ರಂಥದ ಮೊದಲ ಪುಟದಲ್ಲಿಯೇ ಸೇರಿಸಬೇಕು. ಆ ವಾಕ್ಯವನ್ನು ಓದಿದ ಅಥವಾ ಓದಿಸಿಕೇಳಿದ ಗರ್ಭಿಣಿಯು ‘ಅಲ್ಲಿ’ ಎಂದು ನಿಲ್ಲಿಸದೆ ಮುಂದಿನ ಮಾತನ್ನೂ ಆಡಿದಳಾದರೆ, ಆ ಗ್ರಂಥವು ಸಾರ್ಥಕವಾದಂತೆಯೇ ಸರಿ.